ಹಣಿಗೆಗೆ ಬಂದ ಕೂದಲು

ರೇಣುಕಾಳ ಕೂಸಿನ ಕಾಲ್ಬೆರಳನ್ನು ಯಾರೂ ಕಟ್ಟಿರಲಿಲ್ಲ. ಮಾಟವೂ ಅಲ್ಲ, ಮಂತ್ರವೂ ಅಲ್ಲ, ನನ್ನ ಕಣ್ಣು ತಾಗಿದ್ದೂ ಅಲ್ಲ. ಹೆತ್ತವಳ ತಲೆಯಿಂದ ಉದುರಿದ ಒಂದು ಕೂದಲು ಕೂಸಿನ ಕಾಲುಚೀಲದೊಳಗೆ ಹೋಗಿ ಬೆರಳಿಗೆ ಸುತ್ತಿಕೊಂಡಿತು. ನಡೆದದ್ದು ಇಷ್ಟೇ. ಬೆರಳು ಉಳಿಯಿತು. ರೇಣುಕಾಳ ತಲೆಯ ಕೂದಲೂ ವರ್ಷ ತುಂಬುವುದರೊಳಗೆ ಮತ್ತೆ ಬಂತು. ಅವಳ ಸಂಸಾರ ಬರಲಿಲ್ಲ.

ಇದನ್ನು ಬಾಯಿಮಾತಿನಲ್ಲಿ ಬಹಳ ಸಲ ಹೇಳಿದ್ದೇನೆ. ಈಗ ಬರೆದಿಡುತ್ತಿದ್ದೇನೆ, ಯಾಕೆಂದರೆ ನಮ್ಮ ಗಲ್ಲಿಯ ಹುಡುಗಿಯರು ನಾನು ಬಿಟ್ಟ ಕೆಲಸಕ್ಕೆ ಈಗ ಇಳಿದಿದ್ದಾರೆ. ನಾನು ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಂಡವಳು. ಒತ್ತಕ್ಷರ ತಪ್ಪುತ್ತವೆ, ಅವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನೂ ತಿದ್ದಲು ಬಂದಳು, ಬಿಡಲಿಲ್ಲ.

ನನ್ನ ಕೆಲಸ ಉದುರಿದ ಕೂದಲು ಕೊಳ್ಳುವುದು. ಹೆಂಗಸರು ತಲೆ ಬಾಚುವಾಗ ಹಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿನಲ್ಲೋ ಜಂತಿಯ ಸಂದಿಯಲ್ಲೋ ತುರುಕಿ ಇಡುತ್ತಾರಲ್ಲ, ಆ ಕೂದಲು. ಅದನ್ನು ತೂಗಿ, ಬದಲಿಗೆ ಸ್ಟೀಲಿನ ಭಾಂಡೆ-ಪಾತ್ರೆ ಕೊಡುವುದು. ಹೆಚ್ಚಿದ್ದರೆ ಡಬ್ಬಿ, ಕಡಿಮೆಯಿದ್ದರೆ ವಾಟಿ, ಅಂದರೆ ಸಣ್ಣ ಬಟ್ಟಲು, ಏನೂ ಸಾಲದಿದ್ದರೆ ಪಿನ್ನು, ರಿಬ್ಬನ್ನು. ನಮ್ಮ ಮನೆ ಬೀದರಿನ ಮೈಲೂರಿನಲ್ಲಿ. ಬೆಳಿಗ್ಗೆ ಬುಟ್ಟಿ ಹೊತ್ತು ಭಾಲ್ಕಿ ಬಸ್ಸೋ ಔರಾದ್ ಬಸ್ಸೋ ಹತ್ತಿ, ಎಲ್ಲೋ ಒಂದು ಕಡೆ ಇಳಿದು, ಊರಿಂದ ಊರಿಗೆ ನಡೆದು, ಸಂಜೆಗೆ ತಿರುಗಿ ಬರುತ್ತಿದ್ದೆ. ಕಾಶಿಬಾಯಿ ಎಂದರೆ ಯಾರಿಗೂ ಗೊತ್ತಿಲ್ಲ, ಕೂದಲ ಕಾಶಿಬಾಯಿ ಎಂದರೆ ನಾಯಿಗಳಿಗೂ ಗೊತ್ತಿತ್ತು. ಮೊಣಕಾಲು ಹೋದ ಮೇಲೆ ಬಿಟ್ಟೆ.

ಕೆಲಸ ಕಲಿಸಿದ್ದು ನನ್ನ ಅತ್ತೆ. ಮೊದಲ ದಿನ ಬುಟ್ಟಿ ತಲೆಗೆ ಏರಿಸುವಾಗಲೇ ಹೇಳಿದಳು:

"ಯಾರ ಮನಿ ಒಳಗೂ ಕಾಲಿಡಬ್ಯಾಡ, ಕಟ್ಟಿ ಮ್ಯಾಲೇ ಕೂತು ತೂಗು. ಯಾರ ಜಡಿನೂ ಹೊಗಳಬ್ಯಾಡ. ಕೂಸಿನ ಕಡಿ ಅಂತೂ ಕಣ್ಣೇ ಎತ್ತಬ್ಯಾಡ. ನಾಳಿ ಆ ಕೂಸಿಗಿ ಕೆಮ್ಮ ಬಂದ್ರ, ಕೂದಲಾಕಿ ಬಂದು ನೋಡಿ ಹೋದ್ಳು ಅಂತಾರ."

ಅವಳ ಮಾತಿಗೆ ಕಾರಣವಿತ್ತು. ಹಿಂದೆ ಹೆಂಗಸರು ಉದುರಿದ ಕೂದಲಿಗೆ ಮೂರು ಸಲ ಥೂ ಎಂದು ಉಗುಳಿ ತಿಪ್ಪೆಗೆ ಎಸೆಯುತ್ತಿದ್ದರು. ಯಾರ ಕೈಗಾದರೂ ಸಿಕ್ಕರೆ ಅದರ ಮೇಲೆ ಕರಣಿ, ಅಂದರೆ ಮಾಟ, ಮಾಡಿಸುತ್ತಾರೆ ಎಂಬ ಭಯ. ನಮ್ಮಂಥವರು ಬಂದು ಕೂದಲಿಗೆ ಭಾಂಡೆ ಕೊಡತೊಡಗಿದ ಮೇಲೆ ಉಗುಳುವುದು ನಿಂತಿತು. ಭಯ ನಿಲ್ಲಲಿಲ್ಲ. ಭಾಂಡೆಯ ಆಸೆ ಭಯಕ್ಕಿಂತ ಒಂದು ಗುಂಜಿ ಹೆಚ್ಚು ತೂಗಿತು, ಅದರಲ್ಲೇ ನಮ್ಮ ಹೊಟ್ಟೆ ನಡೆಯಿತು. ಹೊಸದಾಗಿ ಇಳಿದವರು ಇದನ್ನು ಮರೆಯಬಾರದು. ನಗುತ್ತಾ ಕೊಟ್ಟವಳ ಹೊಟ್ಟೆಯೊಳಗೂ ಆ ಭಯ ಕೂತೇ ಇರುತ್ತದೆ.

ಮಾಲು ತೆಗೆದುಕೊಳ್ಳುತ್ತಿದ್ದ ಸೇಠ ಬೀದರಿನ ಹಳೇ ಪೇಟೆಯಲ್ಲಿ ಕೂಡುತ್ತಿದ್ದ. ಬಾಯಿ ಹೊಲಸು, ಕಣ್ಣು ಚುರುಕು. ನಾನು ಕಲಿತ ಎರಡನೇ ಪಾಠ ಅವನದು.

"ಕಾಶಿ, ಹಣಿಗಿ ಮಾಲು ಬ್ಯಾರೆ, ಕತ್ರಿ ಮಾಲು ಬ್ಯಾರೆ. ತುದಿ ನೋಡು. ಒಂದು ತುದಿಗಿ ಬಿಳಿ ಚುಕ್ಕಿ ಅದಾ ಅಂದ್ರ ಅದು ತಾನಾಗೇ ಉದುರಿದ್ದು."

ಆ ಬಿಳಿ ಚುಕ್ಕಿಗೆ ಹೆಂಗಸರು ಎಷ್ಟು ಹೆದರುತ್ತಾರೆ! 'ಬೇರುಸಮೇತ ಕಿತ್ತು ಬಂದದ, ಇನ್ನ ಹುಟ್ಟೋದಿಲ್ಲ' ಎನ್ನುತ್ತಾರೆ. ನಾನು ಕೊಂಡ ಹಣಿಗೆ ಕೂದಲಿಗೆಲ್ಲ ಆ ಚುಕ್ಕಿ ಇತ್ತು. ಕೊಟ್ಟವರ ತಲೆ ಬೋಳಾಗಿರಲಿಲ್ಲ, ಮುಂದಿನ ಸುತ್ತಿಗೆ ಮತ್ತೆ ಉಂಡೆ ತಂದುಕೊಡುತ್ತಿದ್ದರು. ಹಾಗೆಯೇ ಉಂಡೆ ಬಿಚ್ಚಿದಾಗಲೂ ಹೆದರುತ್ತಾರೆ. ದಿನಕ್ಕಿಷ್ಟು ಎಲ್ಲರ ತಲೆಯಿಂದಲೂ ಉದುರುತ್ತದೆ. ಹಾಸಿಗೆಗೆ, ಬಚ್ಚಲಿಗೆ, ಹಣಿಗೆಗೆ ಹೋಗುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಅದನ್ನೇ ಸುಗ್ಗಿಯಿಂದ ಸುಗ್ಗಿಯವರೆಗೆ ಕೂಡಿಟ್ಟು ಒಮ್ಮೆಗೇ ಬಿಚ್ಚಿದರೆ ಕುರಿಮರಿ ಮಲಗಿದಷ್ಟು ಕಾಣುತ್ತದೆ. 'ಇಷ್ಟೆಲ್ಲಾ ನನ್ನ ತಲಿದೇ?' ಎಂದು ಎದೆ ಹಿಡಿದುಕೊಳ್ಳುತ್ತಾರೆ.

ಕುರಿಯ ಮಾತು ಬಂತು. ಕುರಿ ಸಾಕುವವರ ಮನೆಯೊಂದರಲ್ಲಿ ಒಬ್ಬಾಕೆ ಉಂಡೆಯೊಳಗೆ ಕರಿ ಮರಿಯ ಉಣ್ಣೆ ಸೇರಿಸಿ ಕೊಟ್ಟಳು. ನೈಲಾನು ಇದೆಯೋ ಎಂದು ನಾನು ಚಿಟಿಕೆ ಸುಟ್ಟು ಮೂಸಿ ನೋಡಿದೆ. ಕೂದಲ ವಾಸನೆಯೇ ಬಂತು. ಉಣ್ಣೆಯೂ ಹಾಗೇ ನಾರುತ್ತದೆ ಎಂಬುದು ಹೊಳೆಯಲಿಲ್ಲ, ದೊಡ್ಡ ಡಬ್ಬಿ ಕೊಟ್ಟು ಬಂದೆ. ಸೇಠ ಉಂಡೆ ಎಳೆದು ನೋಡಿ, "ಏನ್ ಕಾಶಿ, ಕುರಿ ತಲಿ ಬಾಚಿ ಬಂದಿ ಏನ್?" ಎಂದು ಅಂಗಡಿಯ ಮಂದಿಯನ್ನೆಲ್ಲ ಕರೆದು ನಗಿಸಿದ. ಮುಂದಿನ ಸಲ ಹೋದಾಗ ಅವಳನ್ನು ಕೇಳಿದೆ.

"ಯಾರ ತಲಿದವ್ವಾ ಅದು?"

"ನಮ್ಮ ಮನಿಯವರದೇರಿ."

"ನಿಮ್ಮ ಮನಿಯವರು ಮೇಯ್ಲಿಕ್ಕ ಹೋಗ್ತಾರೇನು?"

"ಹೋಗ್ತಾರಲ್ರಿ, ದಿನಾ ಹೋಗ್ತಾರ," ಎಂದಳು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಇಂಥ ನಗೆ ಕಡಿಮೆ. ಕೂದಲು ಮನೆಯ ಒಳಗಿನ ಸುದ್ದಿ ಹೊತ್ತುಕೊಂಡೇ ಹೊರಗೆ ಬರುತ್ತದೆ, ಆ ಸುದ್ದಿ ಬಹಳ ಸಲ ಒಳ್ಳೆಯದಿರುವುದಿಲ್ಲ. ಒಂದು ವರ್ಷ ಔರಾದ್ ಕಡೆ ಕೀಲುನೋವಿನ ಜ್ವರ ಊರಿಗೆ ಊರೇ ಹಿಡಿಯಿತು. ಜ್ವರ ಬಿಟ್ಟು ಎರಡು ಮೂರು ತಿಂಗಳಾದ ಮೇಲೆ ಮನೆಮನೆಗೂ ಉಂಡೆ ದಪ್ಪವಾದವು. ಹೆಂಗಸರು ಬೋರಿನ ನೀರಿಗೆ ಬೈದರು, ಹೊಸ ಸಾಬೂನಿಗೆ ಬೈದರು. ಹೋದ ಜ್ವರವನ್ನು ಯಾರೂ ನೆನೆಯಲಿಲ್ಲ. ನನ್ನ ಅತ್ತೆ ಬುಟ್ಟಿಗೆ ಎರಡು ಡಬ್ಬಿ ಹೆಚ್ಚು ಹಾಕಿದಳು. ಊರಿಗೆ ಜ್ವರ ಬಂದರೆ ನಮಗೆ ಸುಗ್ಗಿ. ಕೇಳಲು ಕೆಟ್ಟದಾಗಿದೆ, ಈ ಕೆಲಸ ಇರುವುದೇ ಹೀಗೆ. ಬೀದರಿನಲ್ಲೇ ಒಬ್ಬ ತಾಯಿ ಉದ್ದನೆಯ ಜಡೆಯನ್ನು ಕತ್ತರಿಸಿ ಹಾಗೆಯೇ ತಂದು ನನ್ನ ಮಡಿಲಿಗಿಟ್ಟಳು. "ಕ್ಯಾನ್ಸರ್ ದವಾ ಶುರು ಆದ್ರ ಹ್ಯಾಂಗೂ ಹೋಗ್ತದಂತ. ಅದಕ್ಕ ಮೊದ್ಲೇ ನಿನಗ ಕೊಡ್ತೇನಿ," ಎಂದಳು. ಮಗಳಿಗೆಂದು ದೊಡ್ಡ ಪಾತ್ರೆ ಆರಿಸಿಕೊಂಡಳು. ಮುಂದಿನ ಸುತ್ತಿಗೆ ಹೋದಾಗ ಆ ಪಾತ್ರೆಯಲ್ಲಿ ಮಗಳು ಅನ್ನಕ್ಕಿಟ್ಟಿದ್ದಳು. ತಾಯಿ ಇರಲಿಲ್ಲ.

ಇನ್ನು ರೇಣುಕಾ.

ಚಿಂತಾಕಿಗೆ ಹೋಗುವ ಹಾದಿಯಲ್ಲಿ ಒಂದು ಊರು, ಹೆಸರು ಬೇಡ. ಅಲ್ಲಿ ಗುಂಡಮ್ಮ ಎಂಬಾಕೆಯ ಮನೆ. ಹಟ್ಟಿಯಲ್ಲಿ ಕುರಿ, ಹೊಲದಲ್ಲಿ ತೊಗರಿ. ಉಣ್ಣಲು ತಿನ್ನಲು ಕೊರತೆ ಇರಲಿಲ್ಲ. ಒಬ್ಬನೇ ಮಗ, ಸಂಜು. ಅವನಿಗೆ ಭಾಲ್ಕಿಯಿಂದ ತಂದ ಸೊಸೆ ರೇಣುಕಾ. ಹತ್ತನೇತನಕ ಕಲಿತವಳು, ಮಾತು ಚುರುಕು. ಜಡೆ ಸೊಂಟ ದಾಟಿತ್ತು. ಗುಂಡಮ್ಮ ಆ ಜಡೆಯನ್ನು ತಾನೇ ಬೆಳೆಸಿದವಳ ಹಾಗೆ ಊರಿಗೆಲ್ಲ ತೋರಿಸುತ್ತಿದ್ದಳು. ನಾನು ಮಾತ್ರ ನೋಡಿದರೂ ನೋಡದ ಹಾಗೆ ಇರುತ್ತಿದ್ದೆ.

ರೇಣುಕಾ ಬಸುರಾಗಿ, ಕುಬಸದ ಶಾಸ್ತ್ರ ಮುಗಿದು, ಹೆರಿಗೆಗೆ ತವರಿಗೆ ಹೊರಡುವ ಮೊದಲು ನಾನು ಆ ಊರಿಗೆ ಹೋಗಿದ್ದೆ. ಗುಂಡಮ್ಮ ಮನೆಯವರದೆಲ್ಲ ಸೇರಿಸಿ ಉಂಡೆ ಕೊಟ್ಟಳು. ರೇಣುಕಾ ತನ್ನದೊಂದು ಸಣ್ಣ ಉಂಡೆ ಬೇರೆ ತಂದಳು.

"ಇಷ್ಟೇ ಅದಾ ಆಯಿ. ಬಸುರಾದಾಗಿಂದ ಉದುರೋದೇ ನಿಂತದ. ಇದಕ್ಕ ಒಂದು ವಾಟಿ ಬರ್ತದೇನ್ರಿ, ಕೂಸಿಗಿ ಉಣ್ಣಸ್ಲಿಕ್ಕ?"

ಗುಂಡಮ್ಮ ಕಟ್ಟೆಯ ಮೇಲಿಂದಲೇ ರೇಗಿದಳು. "ಕೂಸ ಇನ್ನಾ ಹೊಟ್ಯಾಗದ, ಈಗೇ ವಾಟಿ ಯಾಕ? ಹುಟ್ಟೋಕಿಂತ ಮೊದ್ಲು ಕೂಸಿನ ಸಾಮಾನ ತರ್ತಾರೇನು?"

"ಹಂಗಾದ್ರ ವಾಟಿ ನಿಮಗೇ ಇರ್ಲಿ ಅತ್ತಿ. ಕೂಸ ಬರೋತನ ನೀವೇ ಅದರಾಗ ಉಣ್ರಿ."

ಗುಂಡಮ್ಮನೂ ನಕ್ಕಳು. ನಾನು ವಾಟಿ ಕೊಟ್ಟೆ. ಆ ಮನೆಯ ಕಟ್ಟೆಯ ಮೇಲೆ ಎಲ್ಲರೂ ನಕ್ಕದ್ದು ನಾನು ಕಂಡದ್ದು ಅದೇ ಕೊನೆ.

ಭಾಲ್ಕಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮುಗಿಸಿ ರೇಣುಕಾ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬರುವ ಹೊತ್ತಿಗೆ ಚಳಿ ಬಿದ್ದಿತ್ತು. ಅದೇ ಹೊತ್ತಿಗೆ ಅವಳ ಕೂದಲು ಉದುರತೊಡಗಿತು. ರೊಟ್ಟಿ ಹಿಟ್ಟಿನಲ್ಲಿ ಕೂದಲು, ಹಾಸಿಗೆಯಲ್ಲಿ ಕೂದಲು, ಕೂಸಿನ ಮುಷ್ಟಿಯಲ್ಲಿ ಕೂದಲು. ತುಂಬಿದ ಜಡೆ ತವರಿಗೆ ಕಳಿಸಿದ್ದೆವು, ಇಲಿಬಾಲ ತಿರುಗಿ ಬಂತು ಎಂದು ಗುಂಡಮ್ಮ ಊರಿಗೆಲ್ಲ ಹೇಳಿದಳು. ಸೊಸೆಯ ತಲೆಯಿಂದ ಬಿದ್ದದ್ದನ್ನೆಲ್ಲ ಆರಿಸಿ ಒಂದು ಚೀಲದಲ್ಲಿ ಕೂಡಿಟ್ಟಳು. ಮಾರುವುದಕ್ಕಲ್ಲ, ಬಂದವರಿಗೆ ತೋರಿಸುವುದಕ್ಕೆ. ಆ ಚೀಲ ದಿನದಿನಕ್ಕೆ ಉಬ್ಬುವುದನ್ನು ನೋಡಿ ಅವಳೇ ಹೆದರಿದಳು. ಹೆದರಿದವಳಿಗೆ ಕಾರಣ ಬೇಕು. ಹೋದ ಸಲ ಕೂದಲು ಒಯ್ದವಳು ನಾನು.

ನಾನು ಇದೊಂದೂ ಗೊತ್ತಿಲ್ಲದೆ ಬುಟ್ಟಿ ಹೊತ್ತು ಆ ಓಣಿಗೆ ಹೋದೆ. ಮನೆ ಕಾಣುವ ಮೊದಲೇ ಕೂಸು ಅಳುವುದು ಕೇಳಿಸಿತು. ಹಸಿವಿನ ಅಳು ಅಲ್ಲ. ನಾನೂ ನಾಲ್ಕು ಹೆತ್ತವಳು, ಅಷ್ಟು ತಿಳಿಯುತ್ತದೆ.

ಗುಂಡಮ್ಮ ಕಟ್ಟೆಯಿಂದ ಎದ್ದು ನಿಂತಳು. "ಬಂದ್ಳು ನೋಡ್ರಿ! ಏ ಕಾಶಿಬಾಯಿ, ನಮ್ಮ ಸೊಸಿ ಕೂದಲ ಯಾರ ಕೈಯಾಗ ಕೊಟ್ಟಿದಿ?"

"ಯಾರ ಕೈಯಾಗ ಕೊಡ್ತೇನ್ರಿ? ಸೇಠಗ ಕೊಡ್ತೇನಿ. ಗೋಣಿ ತುಂಬಿ ಹೋಗ್ತದ. ಅದೇ ಗೋಣ್ಯಾಗ ನಿಮ್ಮ ಕೂದಲಾನೂ ಹೋಗ್ಯಾವ, ನನ್ನವೂ ಹೋಗ್ಯಾವ."

"ನನ್ನ ತಲಿಗಿ ಏನೂ ಆಗಿಲ್ಲ. ಆಕಿದೇ ಯಾಕ ಉದುರ್ಲತದ?" ಚೀಲಕ್ಕೆ ಕೈ ಹಾಕಿ ಒಂದು ಎಳೆ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. "ನೋಡಿಲ್ಲಿ, ಬಿಳಿ ಬೇರು. ಯಾರೋ ಕೂತು ಒಂದೊಂದೇ ಕೀಳ್ಲತಾರ."

"ನಿಮ್ಮ ಕೂದಲಕ್ಕೂ ಆ ಚುಕ್ಕಿ ಇರ್ತದ್ರಿ. ನಿಮ್ಮ ಉಂಡಿ ತರ್ರಿ, ತೋರಿಸ್ತೇನಿ."

ತರಲಿಲ್ಲ. ಅಷ್ಟರಲ್ಲಿ ರೇಣುಕಾ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ತಲೆಗೆ ಸೆರಗು ಬಿಗಿದಿದ್ದಳು, ಮುಖ ಬೂದಿಯಾಗಿತ್ತು.

"ಆಯಿ, ಇದರ ಬೆರಳ ನೋಡ್ರಿ. ನಿನ್ನಿಯಿಂದ ಅಳೋದು ನಿಲ್ಸಿಲ್ಲ."

ಕೂಸಿನ ಕಡೆ ನೋಡಬಾರದು ಎಂದು ನನ್ನ ಅತ್ತೆ ಹೇಳಿದ್ದು ನೆನಪಿತ್ತು, ಆದರೂ ನೋಡಿದೆ. ಕಾಲಿನ ಎರಡನೇ ಬೆರಳು ನೇರಳೆಹಣ್ಣಿನ ಹಾಗೆ ಉಬ್ಬಿ ಕಪ್ಪಿಟ್ಟಿತ್ತು. ಮೇಲೆ ಅರಿಶಿಣ, ಸುಣ್ಣ ಮೆತ್ತಿದ್ದರು. ಚೇಳು ಕಡಿದಿರಬೇಕು ಎಂದುಕೊಂಡೆ. ಜೀವಮಾನವೆಲ್ಲ ಕೂದಲಲ್ಲಿ ಕೈಯಾಡಿಸಿದ ನನಗೆ ಅಲ್ಲಿ ಕೂದಲಿದೆ ಎಂದು ಹೊಳೆಯಲೇ ಇಲ್ಲ.

"ಬೀದರಕ್ಕ ದವಾಖಾನಿಗಿ ಒಯ್ರಿ, ಜಲ್ದಿ," ಎಂದೆ.

ಸಂಜು ಹಟ್ಟಿಯ ಬಾಗಿಲ ಬಳಿ ನಿಂತಿದ್ದ. "ದೇವ್ರ ಹೇಳೋರಿಗಿ ಕೇಳೀನ್ರಿ. ಸಂಜೀಕ ಬಂದು ದಾರ ಕಟ್ತಾರಂತ."

"ಸಂಜಿತನ ಬೆರಳ ಇರ್ತದೇನೋ ಸಂಜು?"

ಅವನು ತಾಯಿಯ ಮುಖ ನೋಡಿದ. ಗುಂಡಮ್ಮ ಸೊಸೆಯ ಕಡೆ ತಿರುಗಿದಳು. "ಈಕಿ ಜೋಡಿ ಹೊಸ್ತಲ ದಾಟಿದಿ ಅಂದ್ರ ತಿರುಗಿ ಬರಬ್ಯಾಡ. ಈಗೇ ಹೇಳ್ಲತೀನಿ."

"ಅತ್ತಿ, ಬೆರಳ ಕರ್ರಗಾಗ್ಲತದ್ರಿ," ಎಂದಳು ರೇಣುಕಾ. ಒಂದು ಕ್ಷಣ ಗಂಡನನ್ನು ನೋಡಿದಳು. ಅವನು ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅವಳು ಚಪ್ಪಲಿ ಹುಡುಕಲಿಲ್ಲ, ಹಾಗೇ ಇಳಿದು ನಡೆದಳು.

ರಸ್ತೆಗೆ ಬಂದಾಗ ಬೀದರ ಬಸ್ಸೇ ಸಿಕ್ಕಿತು. ದಾರಿಯುದ್ದಕ್ಕೂ ಬುಟ್ಟಿಯ ಭಾಂಡೆ ಗಲಗಲ ಎನ್ನುತ್ತಿದ್ದವು, ಕೂಸು ಅಳುತ್ತಿತ್ತು. ಯಾರೋ ಸೀಟು ಬಿಟ್ಟರು. ಯಾರೋ "ಕೂಸಿನ ಬಾಯಿಗಿ ಏನಾರ ಕೊಡ್ರಿ, ತಲಿ ನೋಯ್ಲತದ," ಎಂದರು. ರೇಣುಕಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಗಾಳಿಗೆ ಸೆರಗು ಸರಿದಾಗ ಹಣೆಯ ಎರಡೂ ಬದಿ ತೆಳುವಾದದ್ದು ಕಂಡಿತು. ಅವಳು ಕೂಸನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮೊದಲು ಸೆರಗನ್ನೇ ಸರಿಪಡಿಸಿಕೊಂಡಳು.

ಮಕ್ಕಳ ಡಾಕ್ಟರು ಹೆಂಗಸು. ಬೆರಳಿಗೆ ದೀಪ ಹಿಡಿದು, ಭೂತಗನ್ನಡಿ ಇಟ್ಟು, ಬಹಳ ಹೊತ್ತು ಬಾಗಿ ನೋಡಿದರು. ಚೇಳು ಎಂದೆ ನಾನು. ಅವರು ಬೆರಳ ಬುಡದಲ್ಲಿ, ಉಬ್ಬಿದ ಚರ್ಮದ ಮಡಿಕೆಯೊಳಗೆ ಸಣ್ಣ ಚಿಮಟ ಹಾಕಿ, ಮೊನಚು ಕತ್ತರಿಯಿಂದ ಏನನ್ನೋ ಕತ್ತರಿಸಿದರು. ಒಂದು ಹನಿ ರಕ್ತ ಬಂತು. ಚಿಮಟದ ತುದಿಯಲ್ಲಿ ಉದ್ದನೆಯ ಕರಿ ಎಳೆ ಸುರುಳಿ ಬಿಚ್ಚಿಕೊಂಡು ಬಂತು.

"ಇದು ಯಾರ ಕೂದಲು?" ಎಂದರು.

ರೇಣುಕಾ ತಲೆ ಮುಟ್ಟಿಕೊಂಡಳು. ಕೂಸು ಇನ್ನೂ ಅಳುತ್ತಿತ್ತು, ಆದರೆ ಅಳುವಿನ ದನಿ ಬದಲಾಗಿತ್ತು. ಸ್ವಲ್ಪ ಹೊತ್ತಿಗೆ ಮೊಲೆ ಹಿಡಿಯಿತು.

ಡಾಕ್ಟರು ಬೈದರು, ಆಮೇಲೆ ತಿಳಿಸಿ ಹೇಳಿದರು. ಎರಡನ್ನೂ ಒಂದೇ ದನಿಯಲ್ಲಿ. "ಹಡೆದ ತಾಯಂದಿರ ಕೂದಲು ಉದುರ್ತಾವೆ, ಅವು ಕಾಲುಚೀಲದಾಗ, ಕೈಗವಸಿನಾಗ ಸೇರ್ತಾವೆ. ಕೂಸು ಕಾಲು ಆಡಿಸಿದಂಗ ಸುತ್ತಿ ಬಿಗೀತಾವೆ. ಹಾಲು ಕುಡದ್ರೂ ಅಳು ನಿಲ್ಲಲಿಲ್ಲ ಅಂದ್ರ ಎಲ್ಲಾ ಬಟ್ಟೆ ಬಿಚ್ಚಿ ಬೆರಳು ಬೆರಳು ನೋಡ್ಬೇಕು. ಇನ್ನೊಂದು ದಿನ ಬಿಟ್ಟಿದ್ರ ಬೆರಳು ಹೋಗ್ತಿತ್ತು."

"ಮೇಡಮ್, ಇದು ಕರಣಿ ಅಲ್ಲಲ್ರಿ?"

"ಕರಣಿ ಅಲ್ಲವ್ವಾ, ಬಾಣಂತನ. ಬಸುರಿದ್ದಾಗ ಉದುರಬೇಕಾದದ್ದು ಉದುರದೆ ತಲೆಯಲ್ಲೇ ನಿಂತಿತ್ತು. ಹಡೆದು ಮೂರ್ನಾಲ್ಕು ತಿಂಗಳಿಗೆ ಅದೆಲ್ಲ ಒಮ್ಮೆಗೇ ಬೀಳ್ತದ. ಕೂದಲು ಬಿದ್ದದ್ದೇ ಹೊರತು ಬುಡ ಸತ್ತಿಲ್ಲ. ವರ್ಷದೊಳಗ ತಾನೇ ಬರ್ತದ."

ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದ್ದ ಹಾಗಿದೆ, ಅದರಿಂದಲೂ ಉದುರುತ್ತದೆ ಎಂದು ಪರೀಕ್ಷೆಗೆ ಕಳಿಸಿದರು. ಗುಳಿಗೆ ಬರೆದುಕೊಟ್ಟರು. ವರ್ಷ ಕಳೆದರೂ ನಿಲ್ಲದಿದ್ದರೆ, ತಲೆಯಲ್ಲಿ ನಾಣ್ಯದಷ್ಟು ಬೋಳು ಕಂಡರೆ, ಅಥವಾ ಸುಸ್ತು, ಗಂಟಲ ಬಾವು ಬಂದರೆ ಮತ್ತೆ ತೋರಿಸಬೇಕು, ಅವು ಬೇರೆ ಬೇನೆಗಳು ಎಂದರು. ಜಗ್ಗಿ ಜಗ್ಗಿ ಜಡೆ ಹಾಕಬೇಡ ಎಂದರು. ನಾನು ಎಲ್ಲ ಕೇಳಿಸಿಕೊಂಡೆ. ಊರೂರು ತಿರುಗಿ ಕಂಡ ಉಂಡೆಗಳಿಗೆಲ್ಲ ಆವತ್ತು ಕಾರಣ ಸಿಕ್ಕ ಹಾಗಾಯಿತು, ಆದರೆ ಅದರಿಂದ ಯಾರಿಗೆ ಏನು ಉಪಯೋಗವಾಗಬೇಕಿತ್ತು?

ಹೊರಡುವಾಗ ರೇಣುಕಾ ಒಂದು ಕೆಲಸ ಮಾಡಿದಳು. ಆ ಕೂದಲನ್ನು ಬಟ್ಟೆಪಟ್ಟಿಯ ತುಂಡಿನಲ್ಲಿ ಸುತ್ತಿಸಿಕೊಂಡಳು. "ಅತ್ತಿಗಿ ತೋರಿಸ್ತೇನಿ ಆಯಿ. ಕಣ್ಣಾರೆ ಕಂಡ್ರ ನಂಬ್ತಾರ," ಎಂದಳು. ನನಗೂ ಹಾಗೇ ಅನಿಸಿತು. ಹೌದವ್ವಾ, ಇಟ್ಟುಕೋ ಎಂದೆ.

ಬೆರಳ ಗಾಯ ಒಣಗುವತನಕ ಅವಳು ಭಾಲ್ಕಿಯಲ್ಲಿ ತವರಿನಲ್ಲಿದ್ದಳು. ಆಮೇಲೆ ಅವಳ ಅಪ್ಪ ಅವಳನ್ನು ಕರೆದುಕೊಂಡು ಗಂಡನ ಊರಿಗೆ ಹೊರಟ. ದವಾಖಾನೆಯಲ್ಲಿ ಜೊತೆಗಿದ್ದವಳು ನೀನು, ಕಂಡದ್ದನ್ನು ಹೇಳು ಬಾ ಎಂದು ನನ್ನನ್ನೂ ಕರೆದರು. ಹೋದೆ.

ಗುಂಡಮ್ಮ ಕಟ್ಟೆಯ ಮೇಲೆ ಓಣಿಯ ನಾಲ್ಕು ಮಂದಿ ಹಿರಿಯರನ್ನು ಕೂಡಿಸಿದ್ದಳು. ನಮಗೆ ನೀರು ಕೊಡಲಿಲ್ಲ. ರೇಣುಕಾ ಕೂಸಿನ ಕಾಲುಚೀಲ ತೆಗೆದು ಬೆರಳು ತೋರಿಸಿದಳು, ಬುಡದಲ್ಲಿ ದಾರ ಎಳೆದ ಹಾಗೆ ಕೆಂಪು ಗೆರೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಒಂದು ಮಾತೂ ತಪ್ಪದೆ ಚೆನ್ನಾಗಿ ಹೇಳಿದಳು. ಆಮೇಲೆ ಪಟ್ಟಿಯ ತುಂಡು ಬಿಚ್ಚಿ ಅತ್ತೆಯ ಮುಂದೆ ಇಟ್ಟಳು.

"ಇದೇ ನೋಡ್ರಿ ಅತ್ತಿ. ನಂದೇ ಕೂದಲ. ಬೇರೆ ಏನೂ ಇಲ್ಲ."

ಎಲ್ಲರೂ ಬಾಗಿ ನೋಡಿದರು. ಗುಂಡಮ್ಮ ನೆಟ್ಟಗಾದಳು.

"ನಾ ಹೇಳಿದ್ದು ಖರೇ ಆತಲ್ಲ? ಕೂದಲದಿಂದೇ ಕಟ್ಟಿದ್ರು."

"ಯಾರೂ ಕಟ್ಟಿಲ್ರಿ, ತಾನೇ ಸುತ್ತಿಕೊಂಡದ," ಎಂದೆ ನಾನು.

ಒಬ್ಬ ಮುದುಕ ನನ್ನ ಕಡೆ ಕೋಲು ತೋರಿಸಿದ. "ಕೂದಲ ಒಯ್ದಾಕಿನೂ ಈಕಿನೇ, ಬಿಡಿಸ್ಕೊಂಡು ಬಂದಾಕಿನೂ ಈಕಿನೇ. ಇನ್ನೇನ್ ಬೇಕು?"

ಪಕ್ಕದ ಮನೆಯವಳು ಆ ಕೂದಲಿನ ಮೇಲೆ ಥೂ, ಥೂ, ಥೂ ಎಂದು ಉಗುಳಿದಳು. ಉಗುಳು ರೇಣುಕಾಳ ಕೈಬೆರಳಿಗೂ ಬಿತ್ತು. ಅವಳು ಕೈ ಒರೆಸಿಕೊಳ್ಳಲಿಲ್ಲ. ಡಾಕ್ಟರು ಬಿಡಿಸಿದ ಗಂಟನ್ನು ತಾನೇ ಪಟ್ಟಿಯಲ್ಲಿ ಕಟ್ಟಿ ತಂದು ಮತ್ತೆ ಹಾಕಿಸಿಕೊಂಡೆ ಎಂದು ಅವಳಿಗೆ ಆಗಲೇ ತಿಳಿದಿತ್ತು. ಬರಿಗೈಯಲ್ಲಿ ಬಂದು, ಚೇಳು ಕಡಿದಿತ್ತು, ವಾಸಿಯಾಯಿತು ಎಂದಿದ್ದರೆ ಒಳಗೆ ಕರೆಯುತ್ತಿದ್ದರೋ ಏನೋ. ನಿಜ ತೋರಿಸಿದ್ದೇ ಕರಣಿಯ ಮಾತಿಗೆ ಸಾಕ್ಷಿಯಾಯಿತು.

ಗುಂಡಮ್ಮ ಒಳಗೆ ಹೋಗಿ ಕೂಸಿನ ವಾಟಿ ತಂದು ನನ್ನ ಕಾಲ ಬಳಿ ಇಟ್ಟಳು. "ಹುಟ್ಟೋಕಿಂತ ಮೊದ್ಲು ಕೊಟ್ಟಿದ್ದಿ. ನಿನ್ನದು ನೀ ಒಯ್ಯಿ." ತೆರೆದ ಬಾಗಿಲಿನಿಂದ ಒಳಗಿನ ಹಲಗೆ ಕಾಣುತ್ತಿತ್ತು. ವರ್ಷಗಟ್ಟಲೆ ನಾನು ಕೊಟ್ಟ ಡಬ್ಬಿಗಳು ಅಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ಅವಕ್ಕೆ ಕರಣಿ ಇರಲಿಲ್ಲ.

ರೇಣುಕಾ ಅತ್ತೆಯನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ನೀವೇನಂತೀರಿ?"

ಸಂಜು ನೆಲ ನೋಡುತ್ತಾ ಹೇಳಿದ. "ಸದ್ಯ ಭಾಲ್ಕಿಗಿ ಹೋಗಿರು. ಕೂದಲ ಬರ್ಲಿ. ಬಂದ ಮ್ಯಾಲ ನೋಡಾಮು."

"ಬರ್ತದಂತ ಡಾಕ್ಟರ್ ಹೇಳ್ಯಾರ್ರಿ."

"ಹಾಂ, ಬರ್ಲಿ ಮತ್ತ."

ಅವಳ ಅಪ್ಪ ಕೈಮುಗಿದು ಏನೋ ಹೇಳಲು ಹೋದ. ಅವಳೇ ತಡೆದಳು. ಕೂಸಿಗೆ ಕಾಲುಚೀಲ ಹಾಕಿ ಎತ್ತಿಕೊಂಡು ಇಳಿದಳು. ವಾಟಿಯನ್ನು ನಾನು ಬುಟ್ಟಿಗೆ ಹಾಕಿಕೊಳ್ಳಲು ಬಗ್ಗಿದೆ, ಅವಳು ನನ್ನ ಕೈಯಿಂದ ಕಿತ್ತುಕೊಂಡಳು. "ಇದು ಕೂಸಿಂದು ಆಯಿ," ಎಂದಳು.

ಕೂದಲು ಬಂತು. ಮೊದಲು ಹಣೆಯ ಅಂಚಿಗೆ ಮೋಟು ಮೋಟಾಗಿ, ಆಮೇಲೆ ತಲೆ ತುಂಬ. ಅಷ್ಟರಲ್ಲಿ ಸಂಜುವಿನ ಮನೆಗೆ ಬೇರೆ ಹುಡುಗಿ ಬಂದಿದ್ದಳು. ಗಂಡು ಕೂಸಾಗಿದ್ದರೆ ಕೂಸನ್ನಾದರೂ ಕೇಳುತ್ತಿದ್ದರು. ಇದನ್ನು ಕೇಳಲೂ ಇಲ್ಲ. ರೇಣುಕಾ ಈಗ ಭಾಲ್ಕಿಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಮಗಳು ಸಾಲಿಗೆ ಹೋಗುತ್ತಾಳೆ. ಬೆರಳಿನ ಗೆರೆ ಮಾಸಿಲ್ಲ. ನಾನು ಆ ಕಡೆ ಹೋದಾಗ ಚಹಾ ಕೊಡುತ್ತಿದ್ದಳು, ಕೂದಲು ಮಾತ್ರ ಕೊಡಲಿಲ್ಲ. ಹಣಿಗೆಗೆ ಬಂದದ್ದನ್ನು ಒಲೆಗೆ ಹಾಕುತ್ತಾಳೆ. ನಾನೂ ಕೇಳಲಿಲ್ಲ. ಗುಂಡಮ್ಮನ ಊರಿಗೆ ನಾನು ಮತ್ತೆ ಹೋಗಲಿಲ್ಲ. ಆ ಹಾದಿಯ ಇನ್ನೂ ಮೂರು ನಾಲ್ಕು ಊರುಗಳಲ್ಲಿ ನನ್ನ ದನಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಈಗಿನ ಹುಡುಗಿಯರು ಸ್ಕೂಟಿಯ ಮೇಲೆ ಹೋಗುತ್ತಾರೆ. ಕೂಗುವುದೂ ಬೇಕಿಲ್ಲ, ಸ್ಪೀಕರಿನೊಳಗೆ ತುಂಬಿಟ್ಟ ದನಿಯೇ ಕೂಗುತ್ತದೆ. ಗುಂಡಿ ಒತ್ತುವ ತಕ್ಕಡಿ ಬಂದಿದೆ, ಭಾಂಡೆ ಬೇಡವೆಂದವರಿಗೆ ಫೋನಿನಲ್ಲೇ ಹಣ ಹೋಗುತ್ತದೆ. ಗಾಡಿಯಿಂದ ಇಳಿಯದೆಯೇ ಮಾಲು ತೆಗೆದುಕೊಂಡು ಮುಂದಿನ ಓಣಿಗೆ ಹೋಗುತ್ತಾರೆ. ಕೊಟ್ಟವಳ ಮುಖ ನೋಡುವ ಕೆಲಸವೇ ಇಲ್ಲ. ಒಳ್ಳೆಯದೇ ಇರಬಹುದು, ಬೈಗುಳ ತಪ್ಪುತ್ತದೆ. ನಾನು ನಡೆದ ರೀತಿಯಲ್ಲೇ ನಡೆಯಿರಿ ಎಂದು ಹೇಳುವುದಿಲ್ಲ. ನಾನು ಏನು ಮಾಡಿದೆ ಎಂದಷ್ಟೇ ಹೇಳುತ್ತೇನೆ.

ಆ ಕಟ್ಟೆಯಿಂದ ತಿರುಗಿ ಬಂದ ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಗದಲ್‌ಗೆ ಹೋದೆ. ಮನೆಯಲ್ಲಿ ಕೂತರೆ ಒಲೆ ಹೊತ್ತುವುದಿಲ್ಲ. ಮೊದಲ ಓಣಿಯಲ್ಲೇ ಒಬ್ಬ ಎಳೆ ಬಾಣಂತಿ ಕೂದಲ ಉಂಡೆ ಹಿಡಿದು ಬಂದಳು. ದಪ್ಪ ಉಂಡೆ. ಸೊಂಟದ ಮೇಲೆ ಕೂಸು, ಕಾಲಿಗೆ ಕೆಂಪು ಉಣ್ಣೆಯ ಚೀಲ.

"ತೂಗ್ರಿ ಆಯಿ. ಭಾಳ ಉದುರ್ಲತಾವ, ಏನ್ ಮಾಡ್ಬೇಕೋ ತಿಳಿವಲ್ದು," ಎಂದಳು.

"ತೂಗೋದು ಆಮ್ಯಾಲ. ಮೊದ್ಲು ಕೂಸಿನ ಕಾಲಚೀಲ ತೆಗಿ."

"ಯಾಕ್ರಿ?"

"ತೆಗಿ ಅಂದೆ."

ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಕೂಸನ್ನು ನನ್ನ ಮುಂದೆ ಕಟ್ಟೆಯ ಮೇಲೆ ಕೂಡಿಸಿದಳು. ನಾನು ಒಂದು ಚೀಲ ಎಳೆದು, ಒಳಮೈ ಹೊರಗೆ ಮಾಡಿ ಝಾಡಿಸಿದೆ. ಬೆರಳು ಬೆರಳು ಬಿಡಿಸಿ ನೋಡಿದೆ. ತಲೆಯೆತ್ತಿದಾಗ ಬಾಗಿಲ ಹಿಂದೆ ಅವಳ ಅತ್ತೆ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಳು. ನೋಡಲಿ ಎಂದು ಇನ್ನೊಂದು ಕಾಲಿನ ಚೀಲವನ್ನೂ ತೆಗೆದೆ.